ಖಾಸಗಿ ಶಾಲೆಯ ಮಕ್ಕಳು ಇಲಾಖೆಯ ಕ್ರೀಡಾಕೂಟದಲ್ಲಿ ಆಡಬಹುದೇ? ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆ ಶುರುವಾಗಿ ತಿಂಗಳು ಕಳೆಯುವಷ್ಟರಲ್ಲಿ ಕ್ಲಸ್ಟರ್ (ನಾಲ್ಕಾರು ಊರಿನ ಶಾಲೆಗಳ ಗುಂಪು) ಕ್ರೀಡಾಕೂಟದ ಓಡಾಟ ಆರಂಭವಾಗುತ್ತದೆ. ಆಗ ಖಾಸಗಿ ಶಾಲೆಗಳ ಪೋಷಕರು, ಹೊಸದಾಗಿ ಸೇರಿದ ದೈಹಿಕ ಶಿಕ್ಷಕರು, ಕೆಲವೊಮ್ಮೆ ಮಕ್ಕಳೇ ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಸೇರಿಸಿದ್ದೇವೆ. ಹೆಚ್ಚಿನವು ಕರ್ನಾಟಕಕ್ಕೆ ಸಂಬಂಧಿಸಿದವು. ಕೊನೆಯದು ಮಾತ್ರ ಅಮೆರಿಕದಲ್ಲಿರುವ ಕನ್ನಡದ ಕುಟುಂಬಗಳ ಬಗ್ಗೆ ಕೇಳುವಂಥದ್ದು.

## ಮೊದಲು ತಿಳಿಯಬೇಕಾದದ್ದು

ನಮ್ಮದು ಪ್ರೈವೇಟ್ ಶಾಲೆ. ಸರ್ಕಾರಿ ಶಾಲೆ ಮಕ್ಕಳ ಜೊತೆ ಆಡೋಕೆ ಬಿಡ್ತಾರಾ?

ಬಿಡುತ್ತಾರೆ. ಶಾಲಾ ಶಿಕ್ಷಣ ಇಲಾಖೆಯ ಕ್ರೀಡಾಕೂಟ ಸರ್ಕಾರಿ, ಅನುದಾನಿತ, ಅನುದಾನರಹಿತ ಮೂರೂ ಬಗೆಯ ಶಾಲೆಗಳದ್ದು. ಒಂದೇ ಟ್ರ್ಯಾಕ್, ಒಂದೇ ಡ್ರಾ, ಒಂದೇ ಪದಕ. ಖಾಸಗಿಯವರಿಗೆ ಬೇರೆ ಸಾಲು ಅಂತ ಇಲ್ಲ.

ಆದರೆ ಎರಡು ವಿಷಯ ಸರಿ ಇರಬೇಕು. ಶಾಲೆಯ ಮಾನ್ಯತೆ ಚಾಲ್ತಿಯಲ್ಲಿರಬೇಕು. ಮಗುವಿನ ಹೆಸರು ಅದೇ ಶಾಲೆಯ ಸ್ಯಾಟ್ಸ್ (ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ಪಟ್ಟಿಯಲ್ಲಿ ಇರಬೇಕು. ಕೆಲವು ಕಡೆ ಮಕ್ಕಳು ಓದುವುದು ಒಂದು ಕಟ್ಟಡದಲ್ಲಿ, ದಾಖಲಾತಿ ಇರುವುದು ಇನ್ನೊಂದು ಶಾಲೆಯಲ್ಲಿ. ಅಂಥ ಮಕ್ಕಳು ದಾಖಲಾತಿ ಇರುವ ಶಾಲೆಯ ಹೆಸರಿನಲ್ಲೇ ಆಡಬೇಕಾಗುತ್ತದೆ, ಇಲ್ಲವೇ ಆಟವೇ ಇಲ್ಲ. ಶುಲ್ಕ ಕಟ್ಟುವ ಮೊದಲೇ ಶಾಲೆಯ ಯು-ಡೈಸ್ ಸಂಖ್ಯೆ, ಅಂದರೆ ಸರ್ಕಾರ ಪ್ರತಿ ಶಾಲೆಗೂ ಕೊಡುವ ಗುರುತಿನ ಸಂಖ್ಯೆ ಕೇಳಿ ಇಟ್ಟುಕೊಳ್ಳಿ.

ಕ್ಲಸ್ಟರ್‌ನಿಂದ ನ್ಯಾಷನಲ್‌ವರೆಗೆ ಎಷ್ಟು ಮೆಟ್ಟಿಲು?

ಪ್ರಾಥಮಿಕ ಮತ್ತು ಪ್ರೌಢಶಾಲೆಗೆ ಕ್ಲಸ್ಟರ್ ಅಥವಾ ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ವಿಭಾಗಗಳು ನಾಲ್ಕು: ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ. ಪಿಯು ಮಕ್ಕಳ ಕೂಟ ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಬೇರೆಯಾಗಿಯೇ ನಡೆಯುತ್ತದೆ. ಜಿಲ್ಲೆ ಎಂದರೆ ಇಲ್ಲಿ ಶಿಕ್ಷಣ ಇಲಾಖೆ ತನ್ನ ಆಡಳಿತಕ್ಕೆ ಮಾಡಿಕೊಂಡ ಶೈಕ್ಷಣಿಕ ಜಿಲ್ಲೆ. ಮಧುಗಿರಿ, ಚಿಕ್ಕೋಡಿ, ಶಿರಸಿ ಕಡೆಯವರು ತಮ್ಮ ಶೈಕ್ಷಣಿಕ ಜಿಲ್ಲೆಯಿಂದಲೇ ಹೋಗುತ್ತಾರೆ; ಅವರ ಪಾಲಿಗೆ ತುಮಕೂರು, ಬೆಳಗಾವಿ, ಕಾರವಾರದ ಕೂಟ ಬರುವುದಿಲ್ಲ.

ಗುಂಪು ಆಟಗಳಲ್ಲಿ ಗೆದ್ದ ಶಾಲೆಯ ತಂಡವೇ ಮೇಲಿನ ಹಂತಕ್ಕೆ ಹೋಗುತ್ತದೆ. ರಾಜ್ಯಮಟ್ಟದಲ್ಲಿ ಮಾತ್ರ ಆಯ್ಕೆ ಸಮಿತಿ ಕೂತು ಬೇರೆ ಬೇರೆ ತಂಡಗಳಿಂದ ಒಳ್ಳೆಯ ಆಟಗಾರರನ್ನು ಆರಿಸಿ ಕರ್ನಾಟಕ ತಂಡ ಕಟ್ಟುತ್ತದೆ. ಹಾಗಾಗಿ ಅಲ್ಲಿ ಸೋತ ಕಬಡ್ಡಿ ತಂಡದ ರೈಡರ್‌ಗೂ ರಾಷ್ಟ್ರೀಯ ಕೂಟದ ದಾರಿ ತೆರೆದಿರುತ್ತದೆ. ತಂಡ ಸೋತಿತು ಅಂತ ಮಕ್ಕಳನ್ನು ಅವತ್ತೇ ಬಸ್ ಹತ್ತಿಸಿ ಊರಿಗೆ ಕಳಿಸಬೇಡಿ, ಆಯ್ಕೆ ಪಟ್ಟಿ ಓದುವವರೆಗೆ ಇರಿಸಿಕೊಳ್ಳಿ.

ಮಗ ಒಂಬತ್ತನೇ ಕ್ಲಾಸ್. ವಯಸ್ಸು ಹೇಗೆ ಲೆಕ್ಕ ಹಾಕ್ತಾರೆ?

ತರಗತಿ ನೋಡಿ ಅಂದಾಜು ಮಾಡಬೇಡಿ, ಹುಟ್ಟಿದ ತಾರೀಖು ನೋಡಿ. ರಾಷ್ಟ್ರೀಯ ಶಾಲಾ ಕ್ರೀಡಾಕೂಟಗಳನ್ನು ನಡೆಸುವ ಸ್ಕೂಲ್ ಗೇಮ್ಸ್ ಫೆಡರೇಷನ್ ಆಫ್ ಇಂಡಿಯಾ, ಅಂದರೆ ಎಸ್‌ಜಿಎಫ್‌ಐ, 14, 17 ಮತ್ತು 19 ವರ್ಷದೊಳಗಿನವರು ಎಂದು ಮೂರು ಗುಂಪು ಮಾಡಿದೆ. ಆಯಾ ವರ್ಷದ ಡಿಸೆಂಬರ್ 31ಕ್ಕೆ ಆ ವಯಸ್ಸು ತುಂಬಿರಬಾರದು.

2025-26ರ ಲೆಕ್ಕ ತೆಗೆದುಕೊಳ್ಳಿ. 14ರೊಳಗಿನ ಗುಂಪಿಗೆ 2012ರ ಜನವರಿ 1 ಅಥವಾ ಅದರ ನಂತರ ಹುಟ್ಟಿರಬೇಕು. 17ಕ್ಕೆ 2009ರ ಜನವರಿ 1. 19ಕ್ಕೆ 2007ರ ಜನವರಿ 1. ಮುಂದಿನ ವರ್ಷಗಳಿಗೆ ಒಂದೊಂದು ವರ್ಷ ಸೇರಿಸಿಕೊಳ್ಳುತ್ತಾ ಹೋದರಾಯಿತು. ಡಿಸೆಂಬರ್ 30ಕ್ಕೆ ಹುಟ್ಟಿದ ಮಗುವಿಗೂ ಜನವರಿ 2ಕ್ಕೆ ಹುಟ್ಟಿದ ಮಗುವಿಗೂ ಮೂರೇ ದಿನ ಅಂತರ, ಆದರೆ ಆಡುವ ಗುಂಪಿನಲ್ಲಿ ಪೂರಾ ಒಂದು ವರ್ಷದ ವ್ಯತ್ಯಾಸ. ಕಬಡ್ಡಿಯಲ್ಲಿ ವಯಸ್ಸಿನ ಜೊತೆಗೆ ತೂಕದ ಮಿತಿಯೂ ಇರುತ್ತದೆ. ತಂಡ ಕಟ್ಟುವ ದಿನವೇ ತಕ್ಕಡಿ ಮೇಲೆ ನಿಲ್ಲಿಸಿ ನೋಡುವುದು ಒಳ್ಳೆಯದು.

ಅರ್ಹತಾ ಪತ್ರ ಅಂತಾರಲ್ಲ, ಅದರಲ್ಲಿ ಏನು ತುಂಬಬೇಕು? ಎಲ್ಲಿ ತಪ್ಪಾಗುತ್ತೆ?

ಮಗು ತಮ್ಮ ಶಾಲೆಯದು, ವಯಸ್ಸು ಸರಿ ಇದೆ ಎಂದು ಶಾಲೆ ಬರೆದುಕೊಡುವ ಹಾಳೆ ಇದು. ತುಂಬಬೇಕಾದದ್ದು: ಮಗುವಿನ ಹೆಸರು, ತಂದೆ ತಾಯಿಯ ಹೆಸರು, ಹುಟ್ಟಿದ ದಿನಾಂಕ ಅಂಕಿಯಲ್ಲೂ ಅಕ್ಷರದಲ್ಲೂ, ತರಗತಿ, ದಾಖಲಾತಿ ಸಂಖ್ಯೆ, ಶಾಲೆಗೆ ಸೇರಿದ ದಿನಾಂಕ, ಸ್ಯಾಟ್ಸ್ ಸಂಖ್ಯೆ, ಸ್ಪರ್ಧೆಯ ಹೆಸರು, ಫೋಟೊ, ಮುಖ್ಯ ಶಿಕ್ಷಕರ ಸಹಿ ಮತ್ತು ಮೊಹರು. ಹತ್ತು ನಿಮಿಷದ ಕೆಲಸದಂತೆ ಕಾಣುತ್ತದೆ. ಮೈದಾನದಲ್ಲಿ ಮಕ್ಕಳು ಅಳುತ್ತಾ ವಾಪಸ್ ಹೋಗುವುದು ಬಹುಪಾಲು ಈ ಹಾಳೆಯಿಂದಲೇ.

ಫೋಟೊದ ಮೇಲೆ ಮೊಹರು ಅರ್ಧ ಫೋಟೊಗೆ, ಅರ್ಧ ಹಾಳೆಗೆ ಬೀಳಬೇಕು. ಫೋಟೊ ಅಂಟಿಸಿ ಪಕ್ಕದಲ್ಲಿ ಮೊಹರು ಒತ್ತಿದರೆ ಫೋಟೊ ಬದಲಾಯಿಸಿದ್ದೀರೇನೋ ಎಂಬ ಅನುಮಾನಕ್ಕೆ ದಾರಿ. ಎಲ್‌ಕೆಜಿಯಲ್ಲಿ ತೆಗೆದ ಫೋಟೊ ಹಚ್ಚಿದರೆ ಪರಿಶೀಲನೆ ಮೇಜಿನಲ್ಲೇ ತಡೆಯುತ್ತಾರೆ. ಹುಟ್ಟಿದ ದಿನಾಂಕವನ್ನು ದಾಖಲಾತಿ ವಹಿ ನೋಡಿಯೇ ಬರೆಯಿರಿ. ಮಗು ಹೇಳಿದ್ದನ್ನಾಗಲಿ, ಆಧಾರ್‌ನಲ್ಲಿ ಇರುವುದನ್ನಾಗಲಿ ನಂಬಿ ಬರೆಯಬೇಡಿ. ಜನನ ಪ್ರಮಾಣಪತ್ರ, ಆಧಾರ್, ಸ್ಯಾಟ್ಸ್ ಮೂರರಲ್ಲೂ ಒಂದೇ ತಾರೀಖು ಇದೆಯೇ ಎಂದು ಜೂನ್‌ನಲ್ಲೇ ನೋಡಿಕೊಂಡರೆ ತಿದ್ದುಪಡಿಗೆ ಸಮಯ ಸಿಗುತ್ತದೆ. ಸೆಪ್ಟೆಂಬರ್‌ನಲ್ಲಿ ಜಿಲ್ಲಾಮಟ್ಟದ ಹಿಂದಿನ ರಾತ್ರಿ ಗೊತ್ತಾದರೆ ಯಾರಿಂದಲೂ ಏನೂ ಮಾಡಲಾಗದು.

ವೈಟ್ನರ್ ಬೇಡ. ತಪ್ಪಾದರೆ ಹೊಸ ಹಾಳೆ ತೆಗೆದುಕೊಳ್ಳಿ. ಮೇಲಿನ ಹಂತಗಳಿಗೂ ಬೇಕಾಗುವುದರಿಂದ ನಾಲ್ಕೈದು ಪ್ರತಿ ಮೊದಲೇ ಮಾಡಿಟ್ಟುಕೊಳ್ಳಿ, ಎಲ್ಲದರಲ್ಲೂ ಸಹಿ ಮತ್ತು ಮೊಹರು ಮೂಲದ್ದೇ ಇರಲಿ.

## ಶಾಲೆಯ ಕಡೆಯಿಂದ ಬರುವ ತೊಡಕು

ಶಾಲೆಯವರು "ನಾವು ಕ್ರೀಡಾಕೂಟಕ್ಕೆ ಕಳಿಸಲ್ಲ" ಅಂತಾರೆ. ನಾನೇ ಮಗಳನ್ನ ಕರ್ಕೊಂಡು ಹೋಗಬಹುದಾ?

ಇಲಾಖೆಯ ಕೂಟಕ್ಕೆ ಹಾಗೆ ಹೋಗಲಾಗದು. ಪ್ರವೇಶ ಶಾಲೆಯ ಹೆಸರಿನಲ್ಲಿ, ಮುಖ್ಯ ಶಿಕ್ಷಕರ ಸಹಿಯೊಂದಿಗೆ ಆಗಬೇಕು. ಮಗುವಿನ ಜೊತೆ ಶಾಲೆಯ ಶಿಕ್ಷಕರೊಬ್ಬರು ಇರಬೇಕು. ಖಾಸಗಿ ಶಾಲೆಯ ಮಕ್ಕಳಿಗೆ ಅವಕಾಶ ತಪ್ಪುವುದು ಇಲಾಖೆಯ ನಿಯಮದಿಂದ ಅಪರೂಪ. ಆಡಳಿತ ಮಂಡಳಿಗೆ ಪಾಠದ ದಿನ ಹಾಳಾಗುತ್ತದೆ ಎಂಬ ಚಿಂತೆ, ಅಲ್ಲೇ ಕಡತ ಮುಚ್ಚುತ್ತದೆ. ಇದು ಮಕ್ಕಳಿಗೆ ಮಾಡುವ ದೊಡ್ಡ ಅನ್ಯಾಯ ಎಂದೇ ನಮ್ಮ ಅಭಿಪ್ರಾಯ.

ಮಾಡಬೇಕಾದದ್ದು ಇಷ್ಟು. ಮೊದಲು ಮುಖ್ಯ ಶಿಕ್ಷಕರಿಗೆ ಬರವಣಿಗೆಯಲ್ಲಿ ಮನವಿ ಕೊಡಿ, ಮಗಳ ಸ್ಪರ್ಧೆ, ವಯೋಗುಂಪು, ಈವರೆಗಿನ ಸಾಧನೆ ಬರೆಯಿರಿ, ಸ್ವೀಕೃತಿ ಪಡೆಯಿರಿ. ಇನ್ನೂ ಒಂದಿಬ್ಬರು ಪೋಷಕರು ಜೊತೆಗೆ ಸಹಿ ಹಾಕಿದರೆ ಮಾತಿಗೆ ತೂಕ ಬರುತ್ತದೆ. ವಾರದಲ್ಲಿ ಉತ್ತರ ಬಾರದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ತಾಲ್ಲೂಕು ದೈಹಿಕ ಶಿಕ್ಷಣ ಪರಿವೀಕ್ಷಕರನ್ನು ಕಾಣಿ. ಅವರಿಂದ ಶಾಲೆಗೆ ಒಂದು ಫೋನ್ ಹೋದರೆ ಅನೇಕ ಸಲ ಕೆಲಸ ಮುಗಿಯುತ್ತದೆ.

ಅಷ್ಟರಲ್ಲಿ ಬೇರೆ ಬಾಗಿಲೂ ಇವೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ದಸರಾ ಕ್ರೀಡಾಕೂಟ ತಾಲ್ಲೂಕಿನಿಂದಲೇ ಶುರುವಾಗುತ್ತದೆ, ಅದಕ್ಕೆ ಶಾಲೆಯ ಹಂಗಿಲ್ಲ. ಅಥ್ಲೆಟಿಕ್ಸ್, ಈಜು, ಚೆಸ್ ಸಂಸ್ಥೆಗಳು ನಡೆಸುವ ಕೂಟಗಳಿಗೆ ಕ್ಲಬ್ ಅಥವಾ ಜಿಲ್ಲೆಯ ಪರವಾಗಿ ಹೋಗಬಹುದು. ಅಂತರ ಜಿಲ್ಲಾ ರಾಷ್ಟ್ರೀಯ ಜೂನಿಯರ್ ಅಥ್ಲೆಟಿಕ್ ಕೂಟ, ಅಂದರೆ ನಿಡ್‌ಜಾಮ್‌ಗೆ ಆಯ್ಕೆಯಾಗುವುದು ಜಿಲ್ಲಾ ಸಂಸ್ಥೆಯ ಮೂಲಕ.

ನಮ್ಮಲ್ಲಿ ಮೈದಾನಾನೂ ಇಲ್ಲ, ಪಿಇ ಮೇಷ್ಟ್ರೂ ಇಲ್ಲ. ತಂಡ ಕಳಿಸಬಹುದಾ?

ಕಳಿಸಬಹುದು. ಬೇರೆ ವಿಷಯದ ಶಿಕ್ಷಕರು ತಂಡದ ವ್ಯವಸ್ಥಾಪಕರಾಗಿ ಹೋಗುತ್ತಾರೆ. ಹೆಣ್ಣುಮಕ್ಕಳ ತಂಡವಿದ್ದರೆ ಶಿಕ್ಷಕಿಯೊಬ್ಬರು ಜೊತೆಗಿರಬೇಕು.

ಯಾವ ಆಟ ಎಂದು ಆರಿಸುವಾಗ ಜಾಗ ಅಳೆಯಿರಿ. ಖೋ-ಖೋ ಅಂಕಣಕ್ಕೆ 27 ಮೀಟರ್ ಉದ್ದ, 16 ಮೀಟರ್ ಅಗಲ ಬೇಕು. ವಾಲಿಬಾಲ್‌ಗೆ 18ಕ್ಕೆ 9. ಕಬಡ್ಡಿಗೆ ಪುರುಷರ ಅಂಕಣ 13ಕ್ಕೆ 10, ಹೆಣ್ಣುಮಕ್ಕಳದ್ದು 12ಕ್ಕೆ 8. ಸುತ್ತ ಓಡಾಡಲು ಇನ್ನಷ್ಟು ಬಿಡಬೇಕು. ಇಷ್ಟೂ ಇಲ್ಲದ ಶಾಲೆಗೆ ಟೆನಿಕಾಯ್ಟ್, ಟೇಬಲ್ ಟೆನಿಸ್, ಚೆಸ್, ಯೋಗ ಹೊಂದುತ್ತವೆ. ಕಾಂಕ್ರೀಟ್ ಅಂಗಳದಲ್ಲಿ ಕಬಡ್ಡಿ ಕಲಿಸಲು ಹೋಗಬೇಡಿ, ಮೊಣಕಾಲು ಕಿತ್ತುಹೋಗುತ್ತದೆ. ಪಕ್ಕದ ಸರ್ಕಾರಿ ಶಾಲೆಯ ಮಣ್ಣಿನ ಅಂಕಣವನ್ನು ಸಂಜೆ ಹೊತ್ತು ಕೇಳಿ ಪಡೆಯಿರಿ; ಬದಲಿಗೆ ಸುಣ್ಣ, ನೆಟ್, ಚೆಂಡು ನಿಮ್ಮ ಶಾಲೆಯದಾಗಲಿ. ಹೀಗೆ ಒಟ್ಟಿಗೆ ಅಭ್ಯಾಸ ಮಾಡಿದ ಎರಡು ಶಾಲೆಗಳೂ ಮುಂದೆ ಬಂದಿರುವುದನ್ನು ಎಷ್ಟೋ ತಾಲ್ಲೂಕುಗಳಲ್ಲಿ ನೋಡಬಹುದು. ಅಂದ ಹಾಗೆ, ಶಿಕ್ಷಣ ಹಕ್ಕು ಕಾಯ್ದೆಯ ಮಾನದಂಡದಲ್ಲಿ ಆಟದ ಮೈದಾನವೂ ಆಟದ ಸಾಮಗ್ರಿಯೂ ಸೇರಿವೆ, ಖಾಸಗಿ ಶಾಲೆ ಅದಕ್ಕೆ ಹೊರತಲ್ಲ.

ಈ ವರ್ಷ ಶಾಲೆ ಬದಲಾಯಿಸಿದ್ದೀವಿ. ಹೊಸ ಶಾಲೆ ಪರ ಆಡಬಹುದಾ? ಹಳೇ ಶಾಲೆಯವರು ಟಿಸಿ ಕೊಡ್ತಿಲ್ಲ.

ಹೊಸ ಶಾಲೆಯ ದಾಖಲಾತಿ ಆ ವರ್ಷದ ಸುತ್ತೋಲೆಯಲ್ಲಿ ಹೇಳಿದ ದಿನಾಂಕದೊಳಗೆ ಆಗಿದ್ದು, ಅದೇ ವರ್ಷ ಹಳೆಯ ಶಾಲೆಯ ಪರ ಯಾವ ಹಂತದಲ್ಲೂ ಆಡಿಲ್ಲದಿದ್ದರೆ ಆಡಬಹುದು. ಕ್ಲಸ್ಟರ್‌ನಲ್ಲಿ ಒಂದು ಶಾಲೆ, ತಾಲ್ಲೂಕಿನಲ್ಲಿ ಇನ್ನೊಂದು ಎಂಬುದು ನಡೆಯದು. ಸಿಕ್ಕಿಬಿದ್ದರೆ ಇಡೀ ತಂಡವೇ ಹೊರಗೆ.

ಟಿಸಿ ಕಗ್ಗಂಟು ಮಾತ್ರ ಗಂಭೀರ. ಹಳೆಯ ಶಾಲೆ ಸ್ಯಾಟ್ಸ್‌ನಲ್ಲಿ ಮಗುವನ್ನು ಬಿಡುಗಡೆ ಮಾಡದ ಹೊರತು ಹೊಸ ಶಾಲೆಯ ಪಟ್ಟಿಯಲ್ಲಿ ಹೆಸರು ಮೂಡುವುದಿಲ್ಲ. ಬಾಕಿ ಶುಲ್ಕದ ನೆಪದಲ್ಲಿ ಹಿಡಿದಿಟ್ಟಿದ್ದರೆ, ಎಂಟನೇ ತರಗತಿಯವರೆಗಿನ ಮಕ್ಕಳಿಗೆ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ನೆರವಿಗಿದೆ: ವರ್ಗಾವಣೆ ಪತ್ರವನ್ನು ಕೂಡಲೇ ಕೊಡಬೇಕು, ತಡಮಾಡಿದ ಮುಖ್ಯಸ್ಥರ ಮೇಲೆ ಶಿಸ್ತುಕ್ರಮಕ್ಕೆ ಅವಕಾಶವಿದೆ. ಈ ಕಲಂ ಹೆಸರಿಸಿ ಕ್ಷೇತ್ರ ಶಿಕ್ಷಣಾಧಿಕಾರಿಗೆ ಅರ್ಜಿ ಕೊಡಿ. ಕ್ರೀಡಾಕೂಟದ ದಿನಾಂಕವನ್ನೂ ಅರ್ಜಿಯಲ್ಲಿ ಬರೆಯಿರಿ, ತುರ್ತು ಅರ್ಥವಾಗುತ್ತದೆ.

ಹತ್ತನೇ ಕ್ಲಾಸ್. ಆಟಕ್ಕೆ ಹೋದರೆ ಅಟೆಂಡೆನ್ಸ್ ಕತೆ ಏನು?

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಶೇ 75 ಹಾಜರಾತಿ ಬೇಕು. ಇಲಾಖೆಯ ಕೂಟಕ್ಕೆ ಹೋದ ದಿನಗಳ ಭಾಗವಹಿಸುವಿಕೆ ಪತ್ರವನ್ನು ಸಂಘಟಕರಿಂದ ಪಡೆದು ಶಾಲೆಗೆ ಕೊಟ್ಟು ವಹಿಯಲ್ಲಿ ನಮೂದು ಮಾಡಿಸಿ. ಖಾಸಗಿ ಅಕಾಡೆಮಿಯ ಟೂರ್ನಿಗೆ ಹೋದ ದಿನಗಳನ್ನು ಇದರ ಜೊತೆ ಕಲಸಬೇಡಿ.

## ಬೋರ್ಡ್ ಬೇರೆಯಾದಾಗ

ನಮ್ಮದು ಸಿಬಿಎಸ್‌ಇ. ಬಿಇಒ ಆಫೀಸ್ ಕ್ರೀಡಾಕೂಟಕ್ಕೆ ಹೋಗಬೇಕಾ, ಬೋರ್ಡ್ ಕ್ರೀಡಾಕೂಟಕ್ಕಾ?

ಬಹಳ ಗೊಂದಲ ಇರುವ ಜಾಗ ಇದೇ. ಎಸ್‌ಜಿಎಫ್‌ಐನಲ್ಲಿ ಆಡುವುದು "ಘಟಕ"ಗಳು. ಪ್ರತಿ ರಾಜ್ಯವೂ ಒಂದು ಘಟಕ. ಅದರ ಜೊತೆಗೆ ಸಿಬಿಎಸ್‌ಇ, ಐಸಿಎಸ್‌ಇ ನಡೆಸುವ ಸಿಐಎಸ್‌ಸಿಇ, ಕೇಂದ್ರೀಯ ವಿದ್ಯಾಲಯ, ನವೋದಯ, ವಿದ್ಯಾಭಾರತಿ ಇಂಥವೂ ತಮ್ಮದೇ ಘಟಕಗಳಾಗಿ ತಂಡ ಕಳಿಸುತ್ತವೆ. ಕೇಂದ್ರೀಯ ವಿದ್ಯಾಲಯ ಸರ್ಕಾರದ್ದೇ, ಆದರೂ ಅದರ ದಾರಿ ಬೇರೆ. ಹಳ್ಳಿಯ ಅನುದಾನರಹಿತ ಶಾಲೆ ಖಾಸಗಿ, ಆದರೂ ಅದು ಕರ್ನಾಟಕ ಘಟಕದ್ದು. ಹಾಗಾಗಿ ನಿಮ್ಮ ಶಾಲೆ ಯಾವ ಘಟಕಕ್ಕೆ ಸೇರುತ್ತದೆ ಎಂದು ಮೊದಲು ಕೇಳಿ. ಖಾಸಗಿಯೋ ಸರ್ಕಾರಿಯೋ ಎಂಬುದು ಆಮೇಲಿನ ಮಾತು.

ಸಿಬಿಎಸ್‌ಇ ಶಾಲೆ ಬೋರ್ಡ್‌ನ ಕ್ರೀಡಾ ಪೋರ್ಟಲ್‌ನಲ್ಲಿ ನೋಂದಾಯಿಸಿ, ಆಟಗಾರರ ಹೆಸರು ಸೇರಿಸಿ, ಶುಲ್ಕ ಕಟ್ಟಬೇಕು. ಅಲ್ಲಿ ಆರಂಭ ಬೋರ್ಡ್‌ನ ಕ್ಲಸ್ಟರ್‌ನಿಂದ, ಕೊನೆ ಬೋರ್ಡ್‌ನ ರಾಷ್ಟ್ರೀಯ ಕೂಟದಲ್ಲಿ. ಅಲ್ಲಿ ಮಿಂಚಿದವರು ಸಿಬಿಎಸ್‌ಇ ಪರ ಎಸ್‌ಜಿಎಫ್‌ಐಗೆ ಹೋಗುತ್ತಾರೆ. ಹೆಸರಿಗೆ ಎರಡೂ ಕಡೆ ಕ್ಲಸ್ಟರ್, ಆದರೆ ಬೋರ್ಡ್‌ನ ಕ್ಲಸ್ಟರ್‌ನಲ್ಲಿ ಒಂದು ದೊಡ್ಡ ಪ್ರದೇಶದ ಶಾಲೆಗಳೆಲ್ಲ ಬರುತ್ತವೆ. ಇಲಾಖೆಯ ಕ್ಲಸ್ಟರ್ ನಾಲ್ಕಾರು ಊರಿನದ್ದು.

ಒಂದು ವರ್ಷ ಒಂದೇ ಘಟಕ ಎಂಬುದು ಕಟ್ಟುನಿಟ್ಟಿನ ಮಾತು. ಎರಡೂ ಕಡೆ ಓಡಿ ಎಲ್ಲಿ ಗೆದ್ದರೂ ಸರಿ ಅಂದುಕೊಂಡ ಮಗುವಿನ ಪದಕ ರಾಷ್ಟ್ರೀಯ ಪರಿಶೀಲನೆಯಲ್ಲಿ ಹೋಗಬಹುದು. ಇಲಾಖೆಯ ಕೂಟದಲ್ಲಿ ಬೇರೆ ಬೋರ್ಡ್‌ನವರಿಗೆ ಯಾವ ಸ್ಪರ್ಧೆಗೆ, ಯಾವ ಹಂತದವರೆಗೆ ಪ್ರವೇಶ ಎಂಬುದನ್ನು ಆ ವರ್ಷದ ಕ್ರೀಡಾ ಸುತ್ತೋಲೆ ಹೇಳುತ್ತದೆ. ಅದರ ಅರ್ಹತೆ ಭಾಗದ ಪ್ರತಿಯನ್ನು ತಾಲ್ಲೂಕು ಪರಿವೀಕ್ಷಕರಿಂದ ಪಡೆದು ಓದಿ. ಹೋದ ವರ್ಷ ಬಿಟ್ಟಿದ್ದರು ಎಂಬ ಬಾಯಿಮಾತು ಮೈದಾನದಲ್ಲಿ ಕೆಲಸಕ್ಕೆ ಬಾರದು.

ಸ್ವಿಮ್ಮಿಂಗ್, ಸ್ಕೇಟಿಂಗ್‌ಗೆ ನಮ್ಮ ತಾಲ್ಲೂಕಿನಲ್ಲಿ ಸ್ಪರ್ಧೆನೇ ಇಲ್ವಲ್ಲ?

ಸ್ಪರ್ಧಿಗಳು ಕಡಿಮೆ ಇರುವ ಆಟಗಳಿಗೆ ನೇರ ಜಿಲ್ಲಾಮಟ್ಟದ ಆಯ್ಕೆ ನಡೆಯುವುದು ರೂಢಿ. ಖಾಸಗಿ ಶಾಲೆಯ ಮಕ್ಕಳು ಹೆಚ್ಚು ಇರುವುದೂ ಈ ಆಟಗಳಲ್ಲೇ, ದಿನಾಂಕ ತಪ್ಪಿಸಿಕೊಳ್ಳುವುದೂ ಇಲ್ಲೇ. ತಾಲ್ಲೂಕು ಕೂಟದ ನೋಟಿಸ್‌ಗೆ ಕಾಯುತ್ತಾ ಕೂರಬೇಡಿ. ಜಿಲ್ಲಾ ಉಪನಿರ್ದೇಶಕರ ಕಚೇರಿಯ ದೈಹಿಕ ಶಿಕ್ಷಣ ವಿಭಾಗದಲ್ಲಿ ಜುಲೈನಲ್ಲೇ ವಿಚಾರಿಸಿ.

## ಆಟದ ಆಚೆ

ಹಾಡು, ಭಾಷಣ, ವಿಜ್ಞಾನ ಇವಕ್ಕೂ ಹೀಗೇನಾ?

ಇಲಾಖೆಯ ಸಾಂಸ್ಕೃತಿಕ ಸ್ಪರ್ಧೆಯಾದ ಪ್ರತಿಭಾ ಕಾರಂಜಿಯಲ್ಲೂ ಅನುದಾನರಹಿತ ಶಾಲೆಗಳಿಗೆ ಪ್ರವೇಶವಿದೆ. ಕಂಠಪಾಠ, ಛದ್ಮವೇಷ, ಆಶುಭಾಷಣ, ಮಿಮಿಕ್ರಿ, ಜಾನಪದ ನೃತ್ಯ ಎಲ್ಲ ಕ್ಲಸ್ಟರ್‌ನಿಂದಲೇ. ಕನ್ನಡ ಕಂಠಪಾಠದಲ್ಲಿ ಇಂಗ್ಲಿಷ್ ಮಾಧ್ಯಮದ ಮಕ್ಕಳು ಹಿಂದೆ ಬೀಳುವುದು ಉಚ್ಚಾರದಿಂದ. ಅಲ್ಪಪ್ರಾಣ ಮಹಾಪ್ರಾಣ ತಿದ್ದಲು ಎರಡು ವಾರವಾದರೂ ಬೇಕು.

ಮಕ್ಕಳ ವಿಜ್ಞಾನದ ಆಲೋಚನೆಗಳಿಗೆ ಕೇಂದ್ರ ಸರ್ಕಾರ ನಡೆಸುವ ಇನ್‌ಸ್ಪೈರ್ ಮಾನಕ್‌ಗೆ ಸರ್ಕಾರಿ, ಖಾಸಗಿ ಎರಡೂ ಶಾಲೆಗಳು ತಲಾ ಐದು ಆಲೋಚನೆಗಳನ್ನು ಕಳಿಸಬಹುದು. ಆಯ್ಕೆಯಾದ ಮಗುವಿನ ಬ್ಯಾಂಕ್ ಖಾತೆಗೆ 10,000 ರೂಪಾಯಿ ಬರುತ್ತದೆ. ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆ ಮಾತ್ರ ಸರ್ಕಾರಿ, ಅನುದಾನಿತ ಮಕ್ಕಳಿಗೆ ಮೀಸಲು. ಖಾಸಗಿ ಶಾಲೆಯವರು ಅದಕ್ಕೆ ಅರ್ಜಿ ಹಾಕಿ ಸಮಯ ಕಳೆಯಬೇಡಿ.

## ಆಳದ ಪ್ರಶ್ನೆಗಳು

ಈ ಸರ್ಟಿಫಿಕೇಟ್ ಮುಂದೆ ಎಲ್ಲಿ ಉಪಯೋಗಕ್ಕೆ ಬರುತ್ತೆ?

ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನೇಮಕಾತಿಯಲ್ಲಿ, ರಾಷ್ಟ್ರೀಯ ಶಾಲಾ ಕ್ರೀಡಾಕೂಟದಲ್ಲಿ ರಾಜ್ಯ ಶಾಲಾ ತಂಡವನ್ನು ಪ್ರತಿನಿಧಿಸಿದವರು ಅರ್ಹರ ಪಟ್ಟಿಯಲ್ಲಿದ್ದಾರೆ. ಅದಕ್ಕೆ ನಮೂನೆ 4 ಎಂಬ ನಿಗದಿತ ಪ್ರಮಾಣಪತ್ರ ಬೇಕು, ಸಹಿ ಹಾಕಬೇಕಾದವರು ರಾಜ್ಯದ ಶಿಕ್ಷಣ ಇಲಾಖೆಯಲ್ಲಿ ಶಾಲಾ ಕ್ರೀಡೆಯ ಹೊಣೆ ಹೊತ್ತ ನಿರ್ದೇಶಕರ ಹಂತದ ಅಧಿಕಾರಿ. ಕೂಟದಲ್ಲಿ ಕೊಡುವ ಬಣ್ಣದ ಪ್ರಮಾಣಪತ್ರ ಅದಕ್ಕೆ ಬದಲಿಯಲ್ಲ. ಸಿಇಟಿಯಲ್ಲೂ ಕ್ರೀಡಾ ಕೋಟಾ ಇದೆ, ಮೂಲ ಪ್ರಮಾಣಪತ್ರಗಳನ್ನು ಪರಿಶೀಲನೆಗೆ ಹಾಜರುಪಡಿಸಬೇಕು.

ಪ್ರಮಾಣಪತ್ರ ಕೈಗೆ ಬಂದ ದಿನವೇ ಹೆಸರಿನ ಇನಿಷಿಯಲ್, ಸ್ಪರ್ಧೆ, ಸ್ಥಾನ, ವರ್ಷ, ಸಹಿ ನೋಡಿ. ಶಾಲಾ ದಾಖಲೆಯಲ್ಲಿ "ಕೆ. ಎಂ." ಇದ್ದು ಇಲ್ಲಿ "ಎಂ. ಕೆ." ಆಗಿದ್ದರೆ ಅಲ್ಲೇ ತಿದ್ದಿಸಿ. ಐದು ವರ್ಷದ ಮೇಲೆ ಆ ಕಡತ ಹುಡುಕುವುದು ಯಾರ ಕೈಲೂ ಆಗದ ಕೆಲಸ.

ಪ್ರೈವೇಟ್‌ನವರಿಗೆ ಕೋಚು, ಶೂ, ಪೌಷ್ಟಿಕ ಊಟ ಎಲ್ಲಾ ಇರುತ್ತೆ. ಸರ್ಕಾರಿ ಮಕ್ಕಳ ಜೊತೆ ಅವರನ್ನ ನಿಲ್ಲಿಸೋದು ನ್ಯಾಯನಾ?

ಪ್ರಶ್ನೆ ಸರಿಯಾಗಿಯೇ ಇದೆ. ಈಜು, ಸ್ಕೇಟಿಂಗ್, ಟೆನಿಸ್‌ನಲ್ಲಿ ದುಡ್ಡಿದ್ದವರ ಕೈ ಮೇಲು, ಇದನ್ನು ಮುಚ್ಚಿಡಬೇಕಿಲ್ಲ. ಕಬಡ್ಡಿ, ಖೋ-ಖೋ, ದೂರದ ಓಟದಲ್ಲಿ ಹಳ್ಳಿಯ ಮಕ್ಕಳು ಯಾರಿಗೂ ಸೋಲುವವರಲ್ಲ. 100 ಮೀಟರ್ ಓಟದ ಆರಂಭದಲ್ಲಿ ನಿಂತು ನೋಡಿ: ಒಂದು ಲೇನ್‌ನಲ್ಲಿ ಸ್ಪೈಕ್ ಶೂ, ಸ್ಟಾರ್ಟಿಂಗ್ ಬ್ಲಾಕ್, ಪಕ್ಕದ ಲೇನ್‌ನಲ್ಲಿ ಬರಿಗಾಲು, ಮಣ್ಣಿನಲ್ಲಿ ಹೆಬ್ಬೆರಳು ಊರಲು ತೋಡಿಕೊಂಡ ಸಣ್ಣ ಗುಳಿ. ಸಂಘಟಕರು ಎಲ್ಲರಿಗೂ ಬ್ಲಾಕ್ ಕೊಡಬೇಕು, ಇಲ್ಲವೇ ಯಾರಿಗೂ ಕೊಡಬಾರದು. ಇಂಥ ಸಣ್ಣ ನ್ಯಾಯ ಮೊದಲು ಆಗಲಿ.

ಎರಡೂ ಬಗೆಯ ಶಾಲೆಗೆ ಬೇರೆ ಬೇರೆ ಕೂಟ ಮಾಡುವುದಕ್ಕೆ ನಮ್ಮ ಒಪ್ಪಿಗೆ ಇಲ್ಲ. ಹಾಗೆ ಮಾಡಿದರೆ ಸರ್ಕಾರಿ ಶಾಲೆಯ ಕೂಟವನ್ನು ಕೇಳುವವರೇ ಇಲ್ಲದಂತಾಗುತ್ತದೆ. ನಿಜವಾಗಿ ತಡೆಯಬೇಕಾದದ್ದು ಬೇರೆ: ತಾಲ್ಲೂಕಿನಲ್ಲಿ ಮಿಂಚಿದ ಸರ್ಕಾರಿ ಶಾಲೆಯ ಹುಡುಗನಿಗೆ ಉಚಿತ ಸೀಟು ತೋರಿಸಿ ಸೆಳೆದು, ಎರಡು ವರ್ಷ ಆಡಿಸಿ, ಗಾಯವಾದಾಗ ಕೈಬಿಡುವುದು. ಅಂಥ ಸೀಟು ಬಂದಾಗ ಪೋಷಕರು ಪಿಯು ಮುಗಿಯುವವರೆಗಿನ ಶುಲ್ಕ, ಹಾಸ್ಟೆಲ್, ಚಿಕಿತ್ಸೆ ಮೂರನ್ನೂ ಬರವಣಿಗೆಯಲ್ಲಿ ಪಡೆಯಬೇಕು.

ತೀರ್ಪು ತಪ್ಪಾಯ್ತು ಅನ್ನಿಸಿದ್ರೆ? ಎದುರು ತಂಡದಲ್ಲಿ ವಯಸ್ಸಾದವರು ಆಡ್ತಿದ್ರೆ?

ಅಥ್ಲೆಟಿಕ್ಸ್‌ನಲ್ಲಿ ಫಲಿತಾಂಶ ಪ್ರಕಟವಾದ 30 ನಿಮಿಷದೊಳಗೆ ಆಕ್ಷೇಪ ಎತ್ತಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಆಕ್ಷೇಪ ಹೇಳಬೇಕಾದವರು ತಂಡದ ವ್ಯವಸ್ಥಾಪಕರು. ಪೋಷಕರು ಅಂಕಣಕ್ಕೆ ನುಗ್ಗಿದರೆ ನಷ್ಟ ಮಗುವಿಗೇ. ಗುಂಪು ಆಟದಲ್ಲಿ ವಯಸ್ಸಿನ ಅನುಮಾನವಿದ್ದರೆ ಪಂದ್ಯಕ್ಕೆ ಮೊದಲೇ ಬರವಣಿಗೆಯಲ್ಲಿ ಕೊಡಿ, ಆಟಗಾರನ ಹೆಸರು ಮತ್ತು ಜರ್ಸಿ ಸಂಖ್ಯೆ ಬರೆದು. ಸೋತ ಮೇಲೆ ಎತ್ತಿದ ದೂರಿಗೆ ಬೆಲೆ ಕಡಿಮೆ. ದೂರು ಕೊಡುವ ಮುನ್ನ ನಿಮ್ಮ ತಂಡದ ಹಾಳೆಗಳೂ ಸರಿ ಇವೆಯೇ ನೋಡಿಕೊಳ್ಳಿ, ಪರಿಶೀಲನೆ ಎರಡೂ ಕಡೆ ನಡೆಯುತ್ತದೆ.

ನಮ್ಮಣ್ಣನ ಮಕ್ಕಳು ಅಮೆರಿಕದಲ್ಲಿ ಪ್ರೈವೇಟ್ ಶಾಲೆಗೆ ಹೋಗ್ತಾರೆ. ಅಲ್ಲೂ ಹೀಗೆ ಎಲ್ಲರ ಜೊತೆ ಆಡಬಹುದಾ?

ಅಲ್ಲಿ ರಾಜ್ಯಕ್ಕೊಂದು ಪದ್ಧತಿ. ಟೆಕ್ಸಾಸ್‌ನಲ್ಲಿ 1910ರಿಂದ ಇರುವ ಯುಐಎಲ್, ಶಾಲಾ ಸ್ಪರ್ಧೆಗಳನ್ನು ನಡೆಸುವ, ಸಾರ್ವಜನಿಕ (ಸರ್ಕಾರಿ) ಶಾಲೆಗಳ ಸಂಸ್ಥೆ. ಖಾಸಗಿಯವರಲ್ಲಿ ಡಲ್ಲಾಸ್ ಮತ್ತು ಹ್ಯೂಸ್ಟನ್‌ನ ಎರಡು ಜೆಸ್ಯೂಟ್ (ಕ್ಯಾಥೊಲಿಕ್ ಕ್ರೈಸ್ತ ಸಂಘದ) ಶಾಲೆಗಳು ಮಾತ್ರ ಒಳಗಿವೆ. ಉಳಿದ ಖಾಸಗಿ ಶಾಲೆಗಳು ತಮ್ಮದೇ ಆದ ಟ್ಯಾಪ್ಸ್‌ನಂಥ ಬೇರೆ ಸಂಸ್ಥೆಗಳಲ್ಲಿ ಆಡುತ್ತವೆ. ಇಲಿನಾಯ್‌ನಲ್ಲಿ ಒಂದೇ ಸಂಸ್ಥೆ, ಆದರೆ ಖಾಸಗಿ ಶಾಲೆಯ ಮಕ್ಕಳ ಸಂಖ್ಯೆಯನ್ನು 1.65ರಿಂದ ಗುಣಿಸಿ ದೊಡ್ಡ ಶಾಲೆಗಳ ವರ್ಗಕ್ಕೆ ಏರಿಸುವ ಕ್ರಮವಿದೆ. ಒಹಾಯೊದಲ್ಲಿ ಖಾಸಗಿ ಶಾಲೆಯಲ್ಲಿ ಆ ಆಟವೇ ಇಲ್ಲದಿದ್ದರೆ ಮಗು ತನ್ನ ವಾಸದ ಪ್ರದೇಶದ ಸಾರ್ವಜನಿಕ ಶಾಲೆಯ ತಂಡಕ್ಕೆ ಸೇರಬಹುದು.

ಶಾಲೆ ಬದಲಿಸಿದ ಮಗುವನ್ನು ಒಂದು ವರ್ಷದವರೆಗೂ ಆಡದಂತೆ ಕೂರಿಸುವ ನಿಯಮ ಹಲವು ರಾಜ್ಯಗಳಲ್ಲಿದೆ. ಪ್ರವೇಶ ಪತ್ರಕ್ಕೆ ಸಹಿ ಹಾಕುವ ಮುನ್ನ ಶಾಲೆಯ ಅಥ್ಲೆಟಿಕ್ ಡೈರೆಕ್ಟರ್‌ಗೆ ಮೂರು ಪ್ರಶ್ನೆ ಇಮೇಲ್‌ನಲ್ಲಿ ಕೇಳಲು ಹೇಳಿ: ಶಾಲೆ ಯಾವ ಸಂಸ್ಥೆಯ ಸದಸ್ಯ, ನನ್ನ ಮಗು ಮೊದಲ ದಿನದಿಂದಲೇ ವಾರ್ಸಿಟಿ (ಶಾಲೆಯ ಮುಖ್ಯ) ತಂಡದಲ್ಲಿ ಆಡಬಹುದೇ, ಇಲ್ಲವಾದರೆ ಯಾವ ದಿನಾಂಕದಿಂದ. ಉತ್ತರವೂ ಇಮೇಲ್‌ನಲ್ಲೇ ಬರಲಿ.